ಗಜನಿಯ ಮೇಲಿನ ಮಣ್ಣುಗುಡ್ಡೆ ಇನ್ನೊಂದು ಮಳೆಗಾಲ ಇರಲಿ

ಎರಡನೆಯ ಭಾದ್ರಪದದ ಮೂವತ್ತನಾಲ್ಕನೇ ದಿನ, ೨೨೧೪

ರಸ್ತೆ ಎಂಜಿನಿಯರ್ ಹೇಮಲತಾ ಗಾಂವಕರ ಅವರಿಗೆ,

ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾವು ತೇಲುಬಂಡಿಯ ಕಾಲದವರು. ನೆಲ ಮುಟ್ಟದ ಬಂಡಿಯಲ್ಲಿ ಓಡಾಡುವವರಿಗೆ ‘ರಸ್ತೆ’ ಎಂಬ ಮಾತು ಅಜ್ಜಿಯರ ಬಾಯಲ್ಲಷ್ಟೇ ಉಳಿದಿದೆ. ನಿಮ್ಮ ಅಳತೆಪುಸ್ತಕ ನನ್ನ ಮಡಿಲಲ್ಲಿದೆ. ಹೊಳೆನಡುವಿನ ಕಗ್ಗಕುರ್ವೆಗೆ ರಸ್ತೆ ಮಾಡಲು, ಉಪ್ಪುನೀರು ಹತ್ತಿಳಿಯುವ ಗಜನಿಗದ್ದೆಯ ಕೆಸರು ಕುಗ್ಗಿ ಗಟ್ಟಿಯಾಗಲೆಂದು ಅದರ ಮೇಲೆ ನೀವು ಮಣ್ಣುಗುಡ್ಡೆ ಹೇರಿದಿರಿ. ಅದು ಎಷ್ಟು ಇಳಿಯಿತೆಂದು ವಾರವಾರ ಬರೆದಿದ್ದೀರಿ. ಕೊನೆಯ ವಾರವೂ ಎರಡು ಬೆರಳು ಇಳಿದಿದೆ. ಅದರ ಕೆಳಗೆ ನಿಮ್ಮದೇ ಅಕ್ಷರ: ‘ಉದ್ಘಾಟನೆಗೆ ಅವಸರ. ನಾಳೆ ಗುಡ್ಡೆ ತೆಗೆಸುವುದು.’

ಆ ನಾಳೆಗೆ ಮೊದಲೇ ಸಿಗಲೆಂದು ಇದನ್ನು ಹಿಮ್ಮುಖ ಅಂಚೆಗೆ ಹಾಕುತ್ತಿದ್ದೇನೆ. ಕಳೆದ ದಿನಗಳಿಗೆ ಕಾಗದ ಒಯ್ಯುವ ಟಪಾಲು ಅದು.

ನಿಮಗೆ ಮಣ್ಣಿನ ಪಾಠ ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ. ಆದರೂ ಹೇಳುತ್ತೇನೆ, ಸಿಟ್ಟಿದೆ. ಬಟ್ಟೆಯಲ್ಲಿ ಕಟ್ಟಿ ಕಲ್ಲು ಹೇರಿದ ಮೊಸರಿನಂತೆ ಆ ಕೆಸರು ಭಾರಕ್ಕೆ ನೀರು ಬಿಟ್ಟು ಕುಗ್ಗುತ್ತದೆ, ಆದರೆ ತನ್ನ ಹೊತ್ತಿಗೇ. ಕುಗ್ಗಿ ಮುಗಿಯುವ ಮೊದಲೇ ಗುಡ್ಡೆ ಹೋಯಿತು, ಡಾಂಬರು ಬಿತ್ತು. ರಸ್ತೆ ತಗ್ಗಿತು. ತಗ್ಗಿದಲ್ಲಿ ಮುಂದಿನವರು ಮಣ್ಣು ತುಂಬಿದರು, ತುಂಬಿದ ಭಾರಕ್ಕೆ ಇನ್ನಷ್ಟು ತಗ್ಗಿತು. ನೂರು ವರ್ಷ ಇದೇ ಕೆಲಸ. ಕೊನೆಗೊಂದು ಹುಣ್ಣಿಮೆಯ ಭರತದ ಉಬ್ಬರಕ್ಕೆ ಮುಳುಗಿದ ರಸ್ತೆ ಮತ್ತೆ ಮೇಲೆ ಬರಲಿಲ್ಲ, ಊರೂ ಖಾಲಿಯಾಯಿತು.

ನನ್ನ ಅಜ್ಜಿ ಮಂಕಾಳಿ ಆಗ ಏಳು ವರ್ಷದವಳು, ದೋಣಿಯಲ್ಲಿ ಊರು ಬಿಟ್ಟಳು. ಕೆಂಪು ಕಗ್ಗದಕ್ಕಿಯ ಗಂಜಿ, ಬೆಳಚಿನ ಚಿಪ್ಪು ರಾಶಿ ಹಾಕಿದ ಅಂಗಳ, ಎಲ್ಲವನ್ನೂ ಊಟದ ಹೊತ್ತಿಗೆ ನೆನೆಯುತ್ತಾಳೆ. ಎಲ್ಲಕ್ಕಿಂತ ಹೆಚ್ಚಾಗಿ ಸೇತುವೆ ಮುಗಿದಲ್ಲಿ ಬಸ್ಸು ಧಡ್ಡೆಂದು ಕುಲುಕುತ್ತಿದ್ದುದನ್ನು. ಸೇತುವೆ ಬಂಡೆಯ ಮೇಲೆ ನಿಂತಿತ್ತು, ಇಳಿಯಲಿಲ್ಲ. ಪಕ್ಕದ ಮಣ್ಣಷ್ಟೇ ಇಳಿಯಿತು. ಮಕ್ಕಳು ಸೀಟಿನಿಂದ ಹಾರಿ ನಗುತ್ತಿದ್ದರಂತೆ. ಆ ಕುಲುಕಿನಲ್ಲೇ ಊರು ಹೋಗುತ್ತಿದೆಯೆಂದು ಯಾರಿಗೆ ಗೊತ್ತಿತ್ತು? ಈಗ ಮನೆಗಳಿದ್ದಲ್ಲಿ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲದ ಗಿಡ ತುಂಬಿದೆ. ಅಜ್ಜಿ ಒಮ್ಮೆ ತೇಲುಬಂಡಿಯಿಂದ ಕೆಳಗೆ ನೋಡಿ, “ಮಣ್ಣಿಗೂ ಇಳಿಯೂಕೆ ಹೊತ್ತು ಬೇಕು ತಂಗೀ, ಯಾರೂ ಕೊಡ್ಲಿಲ್ಲ” ಎಂದಳು. ನಾನು ಅತ್ತುಬಿಟ್ಟೆ. ಕಾಣದ ಊರಿಗಾಗಿ ಅಷ್ಟು ಅಳು ಬರುತ್ತದೆಂದು ನನಗೇ ತಿಳಿದಿರಲಿಲ್ಲ.

ಆದ್ದರಿಂದ ಗುಡ್ಡೆ ಇನ್ನೊಂದು ಮಳೆಗಾಲ ಅಲ್ಲೇ ಇರಲಿ. ಮೇಲಿನವರ ಬೈಗುಳ ತಿನ್ನಬೇಕಾದೀತು, ತಿನ್ನಿ. ನೀವು ಕಾದರೆ ಈ ಕಾಗದ ಬರೆಯುವ ಕಾರಣವೇ ನನಗಿರುವುದಿಲ್ಲ. ನಿಮ್ಮ ಕೈಯಲ್ಲಿದ್ದ ಕಾಗದ ಮಾಯವಾದರೆ ಹೆದರಬೇಡಿ. ಆ ಹೊತ್ತಿಗೆ ನಾನು ನಿಮ್ಮ ರಸ್ತೆಯಲ್ಲಿ ನಡೆದುಕೊಂಡು, ಕಗ್ಗಕುರ್ವೆಗೆ, ಅಜ್ಜಿಯ ಮನೆಗೆ ಗಂಜಿ ಉಣ್ಣಲು ಹೋಗಿರುತ್ತೇನೆ.

ಮಂಕಾಳಿಯ ಮೊಮ್ಮಗಳು,
ಬುದವಂತಿ