ಐವತ್ನಾಲ್ಕು ಕಿಲೋದ ಅಳತೆ

ಮನೆಯಿಂದ,
ಭಾನುವಾರ ಮಧ್ಯಾಹ್ನ, ಹದಿನಾಲ್ಕನೇ ತಾರೀಕು

ಪ್ರೀತಿಯ ಮಗಳೇ,

ಸೊಸೆ ಎಂದು ಬರೆಯಲು ಹೊರಟೆ, ಪೆನ್ನು ಮಗಳೇ ಎಂದಿತು. ಹಾಗೇ ಇರಲಿ ಬಿಡು. ಕೆಮ್ಮು ಹೇಗಿದೆ? ತರಬೇತಿಯವರು ದಿನವಿಡೀ ನಿಲ್ಲಿಸಿಕೊಂಡೇ ಪಾಠ ಹೇಳುತ್ತಾರೆ ಎಂದು ಬರೆದಿದ್ದೆಯಲ್ಲ, ಕಾಲು ಊದಿಕೊಂಡರೆ ಬಿಸಿನೀರಿನಲ್ಲಿ ಇಡು, ಉದಾಸೀನ ಮಾಡಬೇಡ. ನಿಮ್ಮತ್ತೆಯ ಮಂಡಿನೋವು ಇದ್ದ ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಚುರುಕು. ನಿನ್ನ ಗಂಡ ಅಡುಗೆ ಕಲಿಯುತ್ತಿದ್ದಾನೆ, ನಾವಿಬ್ಬರೂ ಉಪವಾಸ ಕಲಿಯುತ್ತಿದ್ದೇವೆ. ಒಟ್ಟಿನಲ್ಲಿ ಎಲ್ಲರೂ ಕ್ಷೇಮ.

ಈಗ ನಿಮ್ಮಪ್ಪ ನಿನಗೆ ಬಿಟ್ಟುಹೋದ, ನಮ್ಮ ಶೆಡ್ಡಿನಲ್ಲಿ ನಿಂತಿರುವ ಪುಟ್ಟ ಜಪಾನಿ ಕಾರಿನ ವಿಷಯ. ಗುರುವಾರ ನಿನ್ನ ಕಾಗದ ಬಂತು. 'ಅಪ್ಪನ ಗೆಳೆಯರು ಎಂಜಿನ್ ಬದಲಾಯಿಸಲಿ, ಸ್ಪ್ರಿಂಗ್ ಬದಲಾಯಿಸಲಿ, ಏನು ಬೇಕಾದರೂ ಮಾಡಿಕೊಳ್ಳಲಿ. ಅಪ್ಪ ಸಾಯುವ ತನಕ ಒಂದು ದಿನವೂ ನನ್ನ ಕೈಗೆ ಸ್ಟೀರಿಂಗ್ ಕೊಡಲಿಲ್ಲ, ಆ ಕಾರು ನನ್ನದು ಅಂತ ನನಗೆ ಅನ್ನಿಸೋದೇ ಇಲ್ಲ' ಎಂದು ಬರೆದಿದ್ದೆ. ನನಗೆ ಮನಸ್ಸು ಒಪ್ಪಲಿಲ್ಲ. ಆದರೂ ನಿನ್ನ ಮಾತಿನಂತೆ ನಿಮ್ಮಪ್ಪನ ಆ ಇಬ್ಬರು ಗೆಳೆಯರಿಗೆ ಹೇಳಿ ಕಳಿಸಿದೆ. ಇವತ್ತು ಬೆಳಿಗ್ಗೆ ಎಂಟಕ್ಕೆಲ್ಲ ನಮ್ಮ ಶೆಡ್ಡಿನ ಬಾಗಿಲಲ್ಲಿ ಹಾಜರು. ಹಲ್ಲಿನ ಡಾಕ್ಟರು ಬಾಡಿಗೆ ವ್ಯಾನಿನಲ್ಲಿ ಎರಡು ಸಾವಿರ ಸಿಸಿಯ ಟರ್ಬೊ ಎಂಜಿನ್ನನ್ನೇ ಹೇರಿಕೊಂಡು ಬಂದಿದ್ದರು, ಮದುಮಗಳನ್ನು ಕರೆತಂದ ಹಾಗೆ ಹಳೇ ಕಂಬಳಿ ಹೊದಿಸಿ. ಗಣಿತದ ಮೇಷ್ಟ್ರು ನಾಲ್ಕು ಗಟ್ಟಿ ಸ್ಪ್ರಿಂಗ್ ತಂದಿದ್ದರು. ನಾನು ಹೂಂ ಅಂದರೆ ಸಂಜೆಯೊಳಗೆ ನಿಮ್ಮಪ್ಪ ಹೊಂದಿಸಿದ್ದೆಲ್ಲ ಬಿಚ್ಚಿ ನೆಲಕ್ಕೆ ಬರುತ್ತಿತ್ತು.

ಆ ಇಬ್ಬರ ಜಗಳವನ್ನು ನೀನು ಕೇಳಬೇಕಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಈ ಜಪಾನಿನವರೇ ಆಮೇಲಿನ ಮಾಡೆಲ್ಲುಗಳಿಗೆ ಎಂಜಿನ್ ದೊಡ್ಡದು ಮಾಡಿದ್ದಾರೆ, ನಾವು ಮಾಡಿದರೆ ಪಾಪವೇ ಎಂಬುದು ಡಾಕ್ಟರ ವಾದ. ಮೂಗಿನ ಮೇಲೆ ಭಾರ ಹೇರಿದರೆ ಇಷ್ಟು ಹಗುರವಾದ ಕಾರು ತಿರುವಿನಲ್ಲಿ ಮಾತು ಕೇಳುವುದಿಲ್ಲ ಎಂಬುದು ಮೇಷ್ಟ್ರ ವಾದ. 'ರೀ ಮೇಷ್ಟ್ರೇ, ಓಡದೇ ಇರೋ ಕಾರಿಗೆ ತಿರುವು ಯಾಕ್ರೀ?' ಎಂದರು ಡಾಕ್ಟರು. 'ತಿರುಗದೇ ಇರೋ ಕಾರು ಸೀದಾ ಗೋಡೆಗೆ ಹೋಗುತ್ತೆ. ನಿಮಗೇನು, ಹಲ್ಲು ಮುರಿದೋರು ನಿಮ್ಮ ಹತ್ರಾನೇ ಬರ್ತಾರೆ' ಎಂದರು ಮೇಷ್ಟ್ರು. ನಗು ತಡೆಯಲಾರದೆ ನಾನು ಹಿತ್ತಿಲಿಗೆ ಹೋಗಿ ಬಂದೆ.

ಒಂದು ಮಾತಿಗೆ ಮಾತ್ರ ಇಬ್ಬರೂ ಒಂದಾದರು, ಅದೇ ನನಗೆ ಚುಚ್ಚಿತು. ಓಡಿಸಿ ನೋಡಿದ್ವಿ, ಕಾರು ಒಂದು ಕಡೆಯ ತಿರುವಿನಲ್ಲಿ ಸರಿಯಾಗಿ ಹೋಗುತ್ತೆ, ಇನ್ನೊಂದು ಕಡೆ ಹಿಂಭಾಗ ಜಾರುತ್ತೆ. ಸೀಟು ಬೇರೆ ಮುಂದಕ್ಕೇ ಸಿಕ್ಕಿಕೊಂಡಿದೆ, ಹಿಂದಕ್ಕೆ ಸರಿಯೋದೇ ಇಲ್ಲ. ಪಾಪ, ಕೊನೆಕೊನೆಗೆ ನಿಮ್ಮ ಬೀಗರ ಕಣ್ಣು ಮಂಜಾಗಿತ್ತಲ್ಲ, ಕೈ ತಪ್ಪಿದೆ ಎಂದರು. ನಲವತ್ತು ವರ್ಷ ಕೋಟು ಹೊಲಿದವನು ನಾನು. ಕೆಲಸಗಾರನ ಬೆನ್ನ ಹಿಂದೆ ಹೀಗೆ ಆಡಿದರೆ ಮೈ ಉರಿಯುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಕಟುವಾಗಿಯೇ ಹೇಳಿದೆ. ಮೇಷ್ಟ್ರಿಗೆ ಅವಮಾನವಾಯಿತು. ತೋರಿಸೇ ತೋರಿಸ್ತೀನಿ ಎಂದು ಮನೆಗೆ ಹೋಗಿ ಕಾರಿನ ಚಕ್ರದ ಭಾರ ತೂಗುವ ನಾಲ್ಕು ಚಪ್ಪಟೆ ತಕ್ಕಡಿಗಳನ್ನು ತಂದು ಒಂದೊಂದು ಚಕ್ರದ ಕೆಳಗೆ ಒಂದೊಂದು ಇಟ್ಟರು. ಮುಂದಿನ ಎಡಚಕ್ರ ಮತ್ತು ಹಿಂದಿನ ಬಲಚಕ್ರದ ಭಾರ ಕೂಡಬೇಕಂತೆ, ಉಳಿದೆರಡನ್ನೂ ಹಾಗೇ ಕೂಡಬೇಕಂತೆ. ಎರಡು ಮೊತ್ತವೂ ಸಮವಾದರೆ ಕಾರು ಎರಡು ಕಡೆಗೂ ಒಂದೇ ಥರ ತಿರುಗುತ್ತದಂತೆ. ಡಾಕ್ಟರು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡು ಸೀಟಿನಲ್ಲಿ ತೂರಿದರು. ಹನ್ನೊಂದು ಕಿಲೋ ವ್ಯತ್ಯಾಸ. ಅವರನ್ನು ಎಳೆದು ಹೊರಗೆ ತೆಗೆದು ಮೇಷ್ಟ್ರು ಕೂತರು. ಆರು ಕಿಲೋ. ನೋಡಿದ್ರಾ ಎಂಬಂತೆ ಮೇಷ್ಟ್ರು ನನ್ನ ಮುಖ ನೋಡಿದರು. 'ನೀವೂ ಒಂದ್ಸಲ ಕೂತ್ಬಿಡಿ ಯಜಮಾನ್ರೇ, ಆಸೆ ಯಾಕೆ ಉಳೀಬೇಕು' ಎಂದು ಡಾಕ್ಟರು ತಮಾಷೆ ಮಾಡಿದರು. ನನಗೆ ಸೈಕಲ್ಲು ಬಿಟ್ಟು ಬೇರೆ ಬಾರದು. ಆದರೂ ಹಟಕ್ಕೆ ಚಪ್ಪಲಿ ಬಿಟ್ಟು ಹತ್ತಿ ಕೂತೆ.

ಆಮೇಲಿನದು ಕೇಳು ಮಗಳೇ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ನನ್ನನ್ನು ಇಳಿಸಿ ಮತ್ತೆ ಹತ್ತಿಸಿದರು. ವ್ಯತ್ಯಾಸ ಸೊನ್ನೆ! ಕಾಲು ಕಿಲೋ ಕೂಡ ಇಲ್ಲ. ಡಾಕ್ಟರು ಬಾಗಿ ಸೀಟಿನ ಕೆಳಗೆ ಟಾರ್ಚು ಬಿಟ್ಟರು. ಸೀಟು ಸಿಕ್ಕಿಕೊಂಡಿಲ್ಲ, ನಾಲ್ಕು ಹೊಸ ಬೋಲ್ಟು ಹಾಕಿ ಅಲ್ಲೇ ನಿಲ್ಲಿಸಿದ್ದಾರೆ. ಕ್ಲಚ್ಚಿನ ಪೆಡಲಿಗೆ ಎರಡು ಬೆರಳು ದಪ್ಪದ ತುಂಡು ಸೇರಿಸಿದ್ದಾರೆ, ಕುಳ್ಳರ ಕಾಲಿಗೆ ಎಟುಕುವ ಹಾಗೆ. ಅಯ್ಯೋ, ನನಗೆ ಆಗ ಹೊಳೆಯಿತು! ಇದು ರೆಡಿಮೇಡ್ ಅಲ್ಲ, ಅಳತೆ ತೆಗೆದು ಹೊಲಿದ ಕೋಟು. ಇವರಿಬ್ಬರೂ ಇನ್ನೊಬ್ಬರ ಕೋಟು ತೊಟ್ಟು ಕಂಕುಳು ಬಿಗಿ ಎನ್ನುತ್ತಿದ್ದರು, ಅಷ್ಟೇ. ಡಾಕ್ಟರು ಬಾನೆಟ್ಟಿನ ಮೇಲೆ ಕೈಯಿಟ್ಟು ಮೆಲ್ಲಗೆ ಸವರಿದರು. ಮೇಷ್ಟ್ರು ಇದನ್ನ ಕೈಯಲ್ಲಿ ಮಾಡೋಕೆ ಸಾಧ್ಯಾನಾ, ಸಾಧ್ಯಾನಾ ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. ಮಂಜುಗಣ್ಣಿನ ಮನುಷ್ಯ, ಒಂದೊಂದು ಸ್ಪ್ರಿಂಗನ್ನು ಎಳೆ ಎಳೆಯಾಗಿ ತಿರುವಿ ಈ ಲೆಕ್ಕ ಕೂಡಿಸಿದ್ದಾರೆ. ನಾನು ಎಂಥೆಂಥ ಕೆಲಸಗಾರರನ್ನು ನೋಡಿದ್ದೇನೆ, ಆದರೆ ಇವತ್ತಿನ ಹಾಗೆ ಕೈಯೆತ್ತಿ ಮುಗಿಯಬೇಕು ಅನ್ನಿಸಿದ್ದು ಇದೇ ಮೊದಲು.

ಎಂಜಿನ್ನು ಬಂದ ವ್ಯಾನಿನಲ್ಲೇ ವಾಪಸ್ಸು ಹೋಯಿತು. ನಿನ್ನ ಮಾತು ಮೀರಿದ್ದೇನೆ, ಬಂದು ಬೈಯಿ. ನಿಮ್ಮತ್ತೆ ನಿನ್ನನ್ನು ಕೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು, ನೂರು ಕಾಲ ಸುಖವಾಗಿರು.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಮಾವ

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ಗಂಡ ಬಂದ. ಸೊಸೆಯ ತೂಕ ಮಾವನಾದವನು ಕೇಳಬಾರದು, ಆದರೂ ಕೇಳಿಯೇಬಿಟ್ಟೆ. ನನ್ನ ತೂಕ ಐವತ್ನಾಲ್ಕು. ಅವನು ತಲೆ ಕೆರೆದುಕೊಂಡು, ಅವಳದ್ದೂ ಐವತ್ನಾಲ್ಕೇ, ಹೋದ ವರ್ಷ ಅವಳಪ್ಪ ಫೋನ್ ಮಾಡಿ ಕೇಳಿದ್ರು, ಹೇಳಿದ್ದೆ ಎಂದ. ಅಳತೆ ನಿನ್ನದು ಮಗಳೇ. ನಿಮ್ಮಪ್ಪ ಆರಡಿ ಆಳು, ಕೊನೆಯ ವರ್ಷವೆಲ್ಲ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ನಿನ್ನ ಕಾರನ್ನು ಓಡಿಸಿ ಪರೀಕ್ಷೆ ಮಾಡಿದ್ದಾರೆ. ಟ್ರಯಲ್ಲಿಗೆ ನಿನ್ನನ್ನು ಕರೆಯುವ ಮೊದಲೇ ಹೊರಟುಹೋದರು. ರಜೆ ಸಿಕ್ಕ ದಿನವೇ ಬಂದು ಕೂತು ನೋಡು.