ಒಂದು ಹಿಡಿ ಹಳೆಯ ಹತ್ತಿ

ಅಪ್ಪಾ,

ನೀನಿದ್ದಾಗ ನಿನಗೆ ಪತ್ರ ಬರೆಯುವ ಪ್ರಸಂಗವೇ ಬರಲಿಲ್ಲ. ಅಂಗಡಿಯಲ್ಲಿ ನೀನು ಹತ್ತಿ ಹಿಂಜುತ್ತಿದ್ದೆ, ನಾನು ಹಾಸಿಗೆಯ ಗವಸು ಹೊಲಿಯುತ್ತಿದ್ದೆ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಹಲಗೆ ಮಾತ್ರ. ಈಗ ಮನೆಯಲ್ಲಿ ನಡೆದದ್ದನ್ನು ಬೇರೆ ಯಾರಿಗೆ ಹೇಳಿದರೂ ನಗುತ್ತಾರೆ. ನೀನೂ ನಗುತ್ತೀಯ, ಆದರೆ ಪೂರ್ತಿ ಕೇಳಿಸಿಕೊಂಡು ಆಮೇಲೆ ನಗುತ್ತೀಯ.

ನೀನು ಹೋದ ವರ್ಷವೇ ನನಗೆ ಮಗಳು ಹುಟ್ಟಿದಳು. ಮೊದಲು ಎತ್ತಿಕೊಂಡದ್ದು ಅಮ್ಮ. ಮಗು ಒಂದು ಹುಬ್ಬು ಮೇಲೆತ್ತಿ ಅವಳನ್ನು ದಿಟ್ಟಿಸಿತು, ಥೇಟು ನೀನು ಅಳತೆ ತಪ್ಪಿದ ಗವಸನ್ನು ನೋಡುತ್ತಿದ್ದ ಹಾಗೆ. ಅಮ್ಮ ಮೆಲ್ಲಗೆ "ಬಂದ್ರಾ?" ಅಂದಳು.

ಅಂದಿನಿಂದ ನನ್ನ ಮಗಳಿಗೆ ಅಮ್ಮನ ಬಾಯಲ್ಲಿ ಬಹುವಚನ. ಏನ್ರೀ ಹಸಿವಾಯ್ತಾ, ಸ್ವಲ್ಪ ಸುಮ್ನಿರ್ರೀ ಕೈ ಬಿಡುವಿಲ್ಲ. ತೊಟ್ಟಿಲ ಪಕ್ಕ ಕೂತು ನಿಮ್ಮಿಬ್ಬರ ಹಳೆಯ ಜಗಳಗಳನ್ನೆಲ್ಲ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದಳು. ನೀನು ಬಸ್ಸಿನಲ್ಲಿ ಮರೆತು ಬಂದ ಕೊಡೆಗಳು, ಅವಳನ್ನು ಕೇಳದೆ ನಿನ್ನ ತಂಗಿಗೆ ಕೊಟ್ಟ ಹೊಲಿಗೆ ಯಂತ್ರ, ಒಂದನ್ನೂ ಬಿಡಲಿಲ್ಲ. ಮಗು ಬೊಚ್ಚುಬಾಯಿ ಬಿಟ್ಟರೆ, ಆಗಲೂ ಹೀಗೇ ನಕ್ಕು ಜಾರಿಕೊಳ್ಳುತ್ತಿದ್ದಿರಿ ಎಂದು ಆರೋಪ. ನನ್ನ ಗಂಡನಂತೂ "ಮಾವನ ಬಟ್ಟೆ ಒದ್ದೆಯಾಗಿದೆ, ಬಾರೇ" ಎಂದು ನನ್ನನ್ನು ಕೂಗತೊಡಗಿದರು.

ನಿನಗಾಗಿ ಅಮ್ಮ ಒಂದು ಹನಿ ಕಣ್ಣೀರು ಹಾಕಿರಲಿಲ್ಲ ಅಪ್ಪಾ. ಮೊದಮೊದಲು ಕಲ್ಲಿನಂತೆ ಕೂತಿದ್ದಳು, ಮಗು ಹುಟ್ಟಿದ ಮೇಲೆ ಅಳುವ ಅಗತ್ಯವೇ ಬೀಳಲಿಲ್ಲ.

ಇದಕ್ಕೆಲ್ಲ ಮೂಲ ನೀನೇ. ನಾನು ಹತ್ತಿಯ ಧೂಳಿಗೆ ಸೀನುತ್ತಾ ನಿನ್ನ ಪಕ್ಕ ಕೂರುತ್ತಿದ್ದ ದಿನಗಳಲ್ಲಿ, ಸತ್ತವರು ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದ್ದೆ. ನೀನು ಹರಿದ ಹಾಸಿಗೆಯೊಂದನ್ನು ಬಿಚ್ಚುತ್ತಿದ್ದೆ. "ಗವಸು ಹರಿಯುತ್ತೆ ಮಗಾ, ಹತ್ತಿಗೇನೂ ಆಗಲ್ಲ. ಹಿಂಜಿ ಹೊಸ ಗವಸಿಗೆ ತುಂಬಿದ್ರೆ ಮತ್ತೆ ಹಾಸಿಗೆ. ಆತ್ಮನೂ ಅಷ್ಟೇ" ಎಂದೆ. ಹಾಗಾದರೆ ಹೋದ ಜನ್ಮದಲ್ಲಿ ನೀನು ಏನಾಗಿದ್ದೆ ಎಂದು ನಾನು ಕೇಳಿದರೆ, ಬಿದ್ದುಕೊಂಡೇ ಕಾಲ ಕಳೆದ ಸೋಮಾರಿಯಾಗಿದ್ದೆ, ಅದಕ್ಕೇ ಈಗ ಊರಿಗೆಲ್ಲ ಹಾಸಿಗೆ ಹೊಲಿಯುವ ಶಿಕ್ಷೆ ಎನ್ನುತ್ತಿದ್ದೆ. ಏಳೇಳು ಜನ್ಮಕ್ಕೂ ನೀವೇ ಗಂಡನಾಗಬೇಕು ಎಂದು ಅಮ್ಮ ಅಂದಾಗಲೆಲ್ಲ, ಇದು ಏಳನೆಯದೇ ಇರಬಹುದು ನೋಡು ಎಂದು ನೀನು ರೇಗಿಸುತ್ತಿದ್ದೆ. ಅವಳು ಮಾತ್ರ ನಿನ್ನ ಹತ್ತಿಯ ಮಾತನ್ನು ಅಕ್ಷರಶಃ ನಂಬಿಬಿಟ್ಟಿದ್ದಳು.

ನನಗೆ ಸಂಕಟವಾಗುತ್ತಿತ್ತು. ನನ್ನ ಮಗಳು ಈಗಷ್ಟೇ ಬಂದವಳು, ಅವಳ ತಲೆಗೆ ನಿನ್ನ ಕಳೆದುಹೋದ ಕೊಡೆಗಳನ್ನೆಲ್ಲ ಯಾಕೆ ಕಟ್ಟಬೇಕು? ಇನ್ನೊಂದು ಹೊಟ್ಟೆಕಿಚ್ಚೂ ಇತ್ತು, ನಿನ್ನ ಹತ್ತಿರ ಮುಚ್ಚಿಡುವುದೇನು. ನಿಜಕ್ಕೂ ನೀನೇ ಬಂದಿದ್ದರೆ ಆ ಹುಬ್ಬು ನನ್ನ ಕಡೆ ಒಮ್ಮೆಯೂ ಏಕೆ ಏಳಲಿಲ್ಲ?

ಹೋದ ವಾರ ಮಗಳಿಗೆ ತೊಟ್ಟಿಲು ಸಾಲದಾಯಿತು. ಅಮ್ಮ ಅಟ್ಟದಿಂದ ನಿನ್ನ ಹಾಸಿಗೆ ಇಳಿಸಿದಳು. ಬಿಡಿಸಿದರೆ, ನೀನು ಮಗ್ಗುಲಾಗಿ ಮಲಗುತ್ತಿದ್ದ ತಗ್ಗು ಹಾಗೇ ಇತ್ತು. ಒಬ್ಬರ ಹತ್ತಿ ಇನ್ನೊಬ್ಬರಿಗೆ ಹೋಗಬಾರದು ಎಂಬುದು ನಿನ್ನ ಅಂಗಡಿಯ ಕಟ್ಟುನಿಟ್ಟು. ಅದನ್ನೇ ಹಿಡಿದು ಅಮ್ಮ, ಅವರದು ಅವರಿಗೇ ತುಂಬು, ಒಂದೆಳೆಯೂ ಆಚೆ ಹೋಗಬಾರದು ಎಂದಳು.

ಬಿಚ್ಚಿದೆ. ನಿನ್ನ ವಾಸನೆ ಇನ್ನೂ ಇತ್ತು ಅಪ್ಪಾ, ಬೀಡಿ ಮತ್ತು ಸೋಪಿನದು. ನಿನ್ನ ಹಿಂಜುವ ಬಿಲ್ಲು ಹಿಡಿದು ಹತ್ತಿ ಬಿಡಿಸುತ್ತಾ ಹೋದೆ, ತಗ್ಗು ಹೋಯಿತು. ಹಿಂಜಿದ್ದನ್ನು ಗವಸಿಗೆ ತುಂಬಲು ಹೊರಟಾಗ ನಿನ್ನ ಇನ್ನೊಂದು ಪದ್ಧತಿ ನೆನಪಾಯಿತು. ಯಾರಾದರೂ ಪೂರ್ತಿ ಹೊಸ ಹತ್ತಿಯ ಹಾಸಿಗೆ ಬೇಕೆಂದರೂ ಅವರದೇ ಹಳೆಯ ಹಾಸಿಗೆಯಿಂದ ಒಂದು ಹಿಡಿ ತೆಗೆದು ನಡುವೆ ಇಡುತ್ತಿದ್ದೆ. ಹೊಸ ಹತ್ತಿಗೆ ನಿದ್ದೆ ಗೊತ್ತಿರುವುದಿಲ್ಲ, ಹಳೆಯದು ಕಲಿಸಬೇಕು ಎನ್ನುತ್ತಿದ್ದೆ.

ಅಮ್ಮನ ಎದುರಿಗೇ ಹೊಸ ಹತ್ತಿ ತುಂಬಿದೆ. ನಿನ್ನದು ಒಂದೇ ಹಿಡಿ ಇಟ್ಟೆ. "ಇವಳು ಹೊಸ ಹತ್ತಿ ಕಣಮ್ಮ. ಅಪ್ಪನದು ಇಷ್ಟು ಸಾಕು. ಉಳಿದದ್ದು ನಿನಗೆ" ಅಂದೆ. ಉಳಿದ ಹತ್ತಿಯಲ್ಲಿ ಅಮ್ಮನಿಗೊಂದು ಹಾಸಿಗೆ ಮಾಡಿಕೊಟ್ಟೆ. ಅಂಚಿನ ಹೊಲಿಗೆಯನ್ನು ಅವಳೇ ಹಾಕಿದಳು.

ಮರುದಿನ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದೆ. ಮಗು ಎದ್ದು ಕುಂಯ್ ಅಂದಿತು. ಅಮ್ಮ ಹೋಗಿ ಎತ್ತಿಕೊಂಡದ್ದು ಕೇಳಿಸಿತು. "ಎದ್ದೇನೇ ಕಳ್ಳಿ? ನಿಮ್ಮ ತಾತ ಇದ್ದಿದ್ರೆ ನಿನ್ನ ನೆಲದ ಮೇಲೆ ಬಿಡ್ತಾನೇ ಇರ್ಲಿಲ್ಲ ಕಣೇ" ಎಂದಳು. ಆಮೇಲೆ ಮಾತು ನಿಂತುಹೋಯಿತು. ನಾನು ಹೋಗಿ ನೋಡಿದರೆ, ಮಗುವನ್ನು ಅಪ್ಪಿಕೊಂಡು ನಿನ್ನ ಹತ್ತಿಯ ಮೇಲೆ ಕೂತು ಅಳುತ್ತಿದ್ದಳು. ನೀನು ಹೋದ ದಿನ ಅಳಬೇಕಾಗಿದ್ದದ್ದನ್ನೆಲ್ಲ ಅತ್ತಳು. ನಾನೂ ಪಕ್ಕದಲ್ಲಿ ಕೂತೆ. ನಮ್ಮಿಬ್ಬರನ್ನೂ ನೋಡಿ ಮಗು ಒಂದು ಹುಬ್ಬು ಮೇಲೆತ್ತಿತು, ಈ ಸಲ ನನ್ನ ಕಡೆಗೆ.

ಅಮ್ಮನಿಗೆ ಅದನ್ನು ಹೇಳಲಿಲ್ಲ. ಅವಳು ಒಳಗೆ ಮುಖ ತೊಳೆಯಲು ಹೋದಾಗ ಮಗುವಿನ ಕಿವಿಯಲ್ಲಿ ಒಂದೇ ಒಂದು ಸಲ "ಅಪ್ಪಾ" ಎಂದು ಕರೆದೆ. ಇನ್ನು ಕರೆಯುವುದಿಲ್ಲ.

ಹೊಸ ಗವಸು ಸಿಕ್ಕಿದ್ದರೆ ಅದು ಮೆತ್ತಗಿರಲಿ. ಇನ್ನೂ ಸಿಗದಿದ್ದರೆ ಅವಸರ ಮಾಡಬೇಡ, ಊರಿಗೆಲ್ಲ ಹಾಸಿಗೆ ಹಾಸಿಕೊಟ್ಟವನು ನೀನೂ ಒಂದಿಷ್ಟು ಹೊತ್ತು ಹಾಯಾಗಿ ಮಲಗು.

ಹಲಗೆಯ ಈಚೆ ಬದಿಯಿಂದ,
ನಿನ್ನ ಮಗಳು