ಶವಾಸನದಲ್ಲಿ ಯಾರನ್ನೂ ಎಬ್ಬಿಸಬಾರದು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

ನಾನು ಹೀಗೇ ಇದ್ದೇನೆ. ನೀವಾದರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಕಾಗದ ತಡವಾಯಿತು, ಸಿಟ್ಟಾಗಬೇಡಿ. ಬೆಳಿಗ್ಗೆ ನನ್ನ ಬೆರಳುಗಳು ಪೆನ್ನು ಹಿಡಿಯಲು ಒಪ್ಪುವುದಿಲ್ಲ, ಅವು ಒಪ್ಪುವ ಹೊತ್ತಿಗೆ ನನಗೇ ಸಾಕಾಗಿರುತ್ತದೆ. ಫೋನಿದೆಯಲ್ಲ ಎನ್ನುತ್ತೀರಿ. ಫೋನಿನಲ್ಲಿ ನೀವು "ಹೇಗಿದ್ದೀಯ?" ಅಂತೀರಿ, ನಾನು "ಪರವಾಗಿಲ್ಲ" ಅಂತೀನಿ, ಅಲ್ಲಿಗೆ ಮಾತು ಮುಗಿಯಿತು. ಆ ಸೇತುವೆ ಕೆಲಸ ಯಾವಾಗ ಮುಗಿಯುತ್ತದೋ, ನಿಮ್ಮ ಮೇಸ್ತ್ರಿಗಾದರೂ ಗೊತ್ತಿದೆಯೋ ಇಲ್ಲವೋ.

ನನ್ನ ಕೀಲುವಾತಕ್ಕೆ ಡಾಕ್ಟರು ಹೇಳಿದ ಯೋಗದ ಕ್ಲಾಸಿಗೆ ಹೋಗುತ್ತಿದ್ದೇನೆ. ಆಸ್ಪತ್ರೆಯ ಹಿಂದಿನ ದೊಡ್ಡ ಕೋಣೆಯಲ್ಲಿ ನಡೆಯುತ್ತದೆ. ನೀವು ಟಿ.ವಿ.ಯಲ್ಲಿ ನೋಡುವ ಯೋಗವಲ್ಲ ಅದು. ಕಾಲನ್ನು ಕುತ್ತಿಗೆಗೆ ಸುತ್ತಿಕೊಳ್ಳುವವರು ಇಲ್ಲಿ ಯಾರೂ ಇಲ್ಲ. ಕುರ್ಚಿಯಲ್ಲಿ ಕುಳಿತು ಉಸಿರೆಳೆಯುತ್ತ ಕೈ ಎತ್ತುವುದು, ಬಿಡುತ್ತ ಇಳಿಸುವುದು. ನನಗಂತೂ ಮುಷ್ಟಿ ಕಟ್ಟುವುದೇ ಒಂದು ಆಸನ. ಟೀಚರ್ ನಮ್ಮ ಮಗಳ ವಯಸ್ಸಿನವಳು. "ಇದರಿಂದ ಕಾಯಿಲೆ ವಾಸಿಯಾಗಲ್ಲ, ಮಾತ್ರೆ ಬಿಡಬೇಡಿ. ಅದರ ಜೊತೆ ಬದುಕೋದು ಸ್ವಲ್ಪ ಹಗುರ ಆಗುತ್ತೆ, ಅಷ್ಟೇ" ಎಂದು ಮೊದಲೇ ಹೇಳಿಬಿಟ್ಟಳು. ಆ ಮಾತಿಗೇ ನಾನು ಉಳಿದುಕೊಂಡೆ.

ನಮ್ಮಲ್ಲೊಂದು ಕಾನೂನಿತ್ತು. ಕೊನೆಗೆ ಶವಾಸನಕ್ಕೆ ಮಲಗಿದಾಗ ಯಾರಿಗಾದರೂ ನಿದ್ದೆ ಹತ್ತಿದರೆ ಎಬ್ಬಿಸಬಾರದು. ರಾತ್ರಿಯೆಲ್ಲ ನೋವಿನಲ್ಲಿ ಹೊರಳಾಡುವವರಿಗೆ ನಿದ್ದೆಯ ಬೆಲೆ ಗೊತ್ತು. ಇಂಜಿನ್ ಮಾಮ ಅಂತ ಒಬ್ಬರಿದ್ದಾರೆ, ಬಸ್ ಓಡಿಸುತ್ತಿದ್ದವರು, ಸಕ್ಕರೆ ಕಾಯಿಲೆ. ತಲೆ ಚಾಪೆಗೆ ತಾಗಿದರೆ ಗೊರಕೆ ಶುರು; ಆ ಹೆಸರು ಬಂದದ್ದೇ ಹಾಗೆ. ಗೋಡೆಯಾಚೆಯಿಂದ ಕೇಳುವ ನಿಮ್ಮ ಗೊರಕೆಯ ಮುಂದೆ ಅದೇನೂ ಅಲ್ಲ, ಬಿಡಿ.

ಹೋದ ಗುರುವಾರ ಆ ಗೊರಕೆ ಇರಲಿಲ್ಲ. "ಇವತ್ತು ಇಂಜಿನ್ ಆಫ್. ಪಾಪ, ಒಳ್ಳೆ ನಿದ್ದೆ" ಎಂದು ಪಕ್ಕದ ಟೈಲರಮ್ಮ ಪಿಸುಗುಟ್ಟಿದಳು. ನಾವೆಲ್ಲ ಚಾಪೆ ಸುತ್ತಿ ತುದಿಗಾಲಲ್ಲಿ ಹೊರಗೆ ಬಂದೆವು. ಮಂಡಿ ನೋವಿನವರು ತುದಿಗಾಲಲ್ಲಿ ನಡೆಯುವ ಚೆಂದ ನೀವು ನೋಡಬೇಕಿತ್ತು. ಟೀಚರ್ ದೀಪ ಆರಿಸಿ, ಅವರಿಗೊಂದು ಹೊದಿಕೆಯನ್ನೂ ಹೊದಿಸಿ ಬಂದಳು.

ಕರೆದೊಯ್ಯಲು ಬಂದ ಅವರ ಹೆಂಡತಿಗೆ ನಮ್ಮ ಕಾನೂನು ಗೊತ್ತಿರಲಿಲ್ಲ. ನೇರ ಹೋಗಿ ಹಣೆ ಮುಟ್ಟಿ ಕಿರುಚಿಕೊಂಡರು. "ಅಯ್ಯೋ, ಬೆವರಿ ತಣ್ಣಗಾಗಿದ್ದಾರೆ! ಇಷ್ಟು ಜನ ಇದ್ದೀರಿ, ಒಬ್ಬರೂ ಮುಟ್ಟಿ ನೋಡಲಿಲ್ವೇನ್ರೀ?" ಸಕ್ಕರೆ ಪೂರ್ತಿ ಇಳಿದುಹೋಗಿತ್ತು. ನರ್ಸ್‌ಗಳು ಓಡಿ ಬಂದು ಗ್ಲೂಕೋಸ್ ಏರಿಸಿದರು. ಬದುಕಿಕೊಂಡರು, ನಾಳೆ ಮನೆಗೆ ಕಳಿಸುತ್ತಾರಂತೆ. ನೋಡಿ, ನಾವೆಲ್ಲ ಸೇರಿ ಅಷ್ಟು ಪ್ರೀತಿಯಿಂದ ಅವರನ್ನು ಸಾಯಲು ಬಿಟ್ಟಿದ್ದೆವು.

ಈಗ ಕಾನೂನು ಬದಲಾಗಿದೆ. ಶವಾಸನದಲ್ಲಿ ಟೀಚರ್ ಒಬ್ಬೊಬ್ಬರ ಕೈ ಹಿಡಿದು ನೋಡುತ್ತ ಬರುತ್ತಾಳೆ. ಎಚ್ಚರವಿದ್ದವರು ಬೆರಳಾಡಿಸಬೇಕು, ಆಗ ಕೈ ಬಿಟ್ಟು ಮುಂದಕ್ಕೆ ಹೋಗುತ್ತಾಳೆ.

ಹೊರಕೋಣೆಯ ನಿಮ್ಮ ಹಾಸಿಗೆಯನ್ನು ಪಕ್ಕದ ಮನೆಯವರ ಕೈಲಿ ಬಿಸಿಲಿಗೆ ಹಾಕಿಸಿದ್ದೇನೆ. ಎತ್ತರದಲ್ಲಿ ಬೆಸುಗೆ ಹಾಕುವಾಗ ಬೆಲ್ಟ್ ಕಟ್ಟಿಕೊಳ್ಳಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿಮ್ಮ ಮೈಗೆ ಯಾವ ನೋವೂ ಬಾರದಿರಲಿ. ಈ ಮನೆಯ ಪಾಲಿನದನ್ನು ನಾನೇ ಅನುಭವಿಸುತ್ತಿದ್ದೇನಲ್ಲ.

ಇಂತಿ,
ನಿಮ್ಮವಳು

ತಾ.ಕ.: ನಿನ್ನೆ ಟೀಚರ್ ನನ್ನ ಕೈ ಹಿಡಿದಾಗ ಗೆಣ್ಣುಗಳು ಜೀವ ಹೋಗುವಂತೆ ನೋಯುತ್ತಿದ್ದವು. ಆದರೂ ನಾನು ಬೆರಳಾಡಿಸಲಿಲ್ಲ. ಆಡಿಸಿದರೆ ಬಿಟ್ಟುಬಿಡುತ್ತಾಳಲ್ಲ ಎಂದು ಕಣ್ಣು ಮುಚ್ಚಿ ಹಾಗೇ ಬಿದ್ದುಕೊಂಡಿದ್ದೆ. ಪಾಪದ ಹುಡುಗಿ, ಹೆದರಿ ನರ್ಸನ್ನು ಕೂಗಿಬಿಟ್ಟಳು. ನಿದ್ದೆಯಲ್ಲಿ ಕೈ ತಾಗಿ ನನಗೆ ನೋವಾದೀತೆಂದು ನೀವು ಹೊರಕೋಣೆಗೆ ಹೋದಿರಲ್ಲ, ಅಂದಿನಿಂದ ಮನೆಯಲ್ಲಿ ನನ್ನನ್ನು ಯಾರೂ ಮುಟ್ಟಿಲ್ಲ. ಈ ಸಲ ಬಂದಾಗ ಒಳಗೇ ಮಲಗಿ. ನೋವಾದರೆ ಆಗಲಿ ರೀ.